ಅಪ್‌ಡೇಟ್: ನಿವೃತ್ತಿಯ ನಂತರ ಬೆಟಗೇರಿಗೆ ಹೋಗಲೇ ಎಂದು ಕೇಳಿದ್ದೆ
ನರ್ಸ್ ಕೆಲಸದಿಂದ ನಿವೃತ್ತಳಾಗಿ, ಯಜಮಾನರೂ ತೀರಿಕೊಂಡ ಮೇಲೆ, ಮಂಗಳೂರು ಬಿಟ್ಟು ಗದಗ-ಬೆಟಗೇರಿಗೆ ಸೇವೆಗೆ ಹೋಗಲೇ ಎಂದು ಕೇಳಿದ್ದೆನಲ್ಲ, ಬಂದುಬಿಟ್ಟೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದ ಆಸ್ಪತ್ರೆ. ಹಾಸಿಗೆ ಹಿಡಿದವರ ಮೈ ಒರೆಸುತ್ತೇನೆ, ಬೆನ್ನುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇನೆ, ಕೇಳಿದವರ ಕೈಹಿಡಿದು ಪ್ರಾರ್ಥಿಸುತ್ತೇನೆ.

‘ದೇವರ ಕರೆ ಕೇಳಿಸಿತೇ?’ ಎಂದವರಿಗೆ: ಆಕಾಶದಿಂದ ಧ್ವನಿಯೇನೂ ಬರಲಿಲ್ಲ. ಸಭಾಪಾಲಕರ ಮಾತಿನಂತೆ ಕೆಲವು ವಾರ ಇದ್ದು ನೋಡಿ, ಆಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟೆ. ಬೈಬಲಿನ ಅಬ್ರಾಮನು ದೇವರ ಕರೆ ಕೇಳಿ 75ನೇ ವಯಸ್ಸಿನಲ್ಲಿ ಊರು ಬಿಟ್ಟು ಹೊರಟನೆಂದು ಧೈರ್ಯ ತುಂಬಿದಿರಿ. ಸರಿಯೇ, ಆದರೆ ಅವನ ಜೊತೆ ಹೆಂಡತಿ ಸಾರಯಳು, ಸಹೋದರನ ಮಗ ಲೋಟನು, ಆಳುಕಾಳು ಎಲ್ಲರೂ ಇದ್ದರು. ನನ್ನ ಜೊತೆ ಒಂದು ಟ್ರಂಕು! ಸಂಜೆಯ ಒಂಟಿತನ ಇನ್ನೂ ಹೋಗಿಲ್ಲ, ಹೋಗುತ್ತದೆಂದು ಯಾರೂ ಭರವಸೆ ಕೊಟ್ಟಿರಲೂ ಇಲ್ಲ. ಜೋಳದ ರೊಟ್ಟಿ ಒಗ್ಗಿದೆ. ಕುಚ್ಚಲಕ್ಕಿಯನ್ನು ಮಾತ್ರ ಮಗಳು ಕಳುಹಿಸುತ್ತಾಳೆ.