ಮಾಳಿಗೆ ಮೇಲೆ ಮರದ ಕಯಾಕ್: ನಮ್ಮ ಬಿಸಿಲಿಗೆ ಅಂಟು ನಿಲ್ಲುತ್ತಾ?

ಮಾಳಿಗೆ_ಬಡಗಿ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಕೇಳಿದರೆ ನಗ್ತೀರಿ, ಆದರೂ ಕೇಳಿಬಿಡ್ತೀನಿ. ಹೋದ ದೀಪಾವಳಿ ರಜೆಗೆ ನಾರಾಯಣಪುರ ಡ್ಯಾಂ ನೋಡಿ ಬಂದಾಗಿನಿಂದ ಮನೆಯಲ್ಲೇ ಒಂದು ಕಯಾಕ್ (ಕೂತು ಹುಟ್ಟು ಹಾಕೋ ಉದ್ದನೆಯ ಕಿರುದೋಣಿ) ಮಾಡಬೇಕು ಅಂತ ತಲೆಗೆ ಹುಳ ಬಿಟ್ಟುಕೊಂಡಿದ್ದೇನೆ. 14 ಅಡಿ ಉದ್ದ, ಒಬ್ಬನೇ ಕೂರುವಂಥದ್ದು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ (ರೆಸಿನ್‌ಗೆ ಹಾರ್ಡನರ್ ಕಲಸಿದರೆ ಗಟ್ಟಿಯಾಗೋ ಅಂಟು) ತುಂಬಿ ಅಂಟಿಸುತ್ತಾರಲ್ಲ, ಆ ತರಹ. ಡ್ರಿಲ್, ಜಿಗ್‌ಸಾ, ಕೈರಂದಾ ಇವೆ. ಇಲ್ಲಿವರೆಗೆ ಮಾಡಿದ್ದು ಎರಡು ಟೇಬಲ್, ಒಂದು ದೇವರ ಮಂಟಪ, ಅಷ್ಟೇ.

ಪ್ಲೈ 4 ಎಂಎಂ ಸಾಕಾ, 6 ಬೇಕಾ? ಏಪ್ರಿಲ್ ತಿಂಗಳಲ್ಲಿ ನಮ್ಮ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ, ಅಲ್ಲಿ ಎಪಾಕ್ಸಿ ಕೆಲಸ ಆಗುತ್ತಾ? ಇಲ್ಲಿ ಫೈಬರ್ ಬಾಗಿಲು ಮಾಡುವವರ ಹತ್ತಿರ ಸಿಗುವ ರೆಸಿನ್ ಅಗ್ಗ, ಅದನ್ನೇ ಹಾಕಿದರೆ ನಡೆಯುತ್ತಾ? ಮಾಡಿದ ಮೇಲೆ ಎಲ್ಲಿ ಬಿಡೋದು ಅನ್ನೋದು ಆಮೇಲಿನ ಮಾತು.

ಕಾರಂಜಾ_ದಂಡೆ (ಭಾಲ್ಕಿ):
ನಗೋದೇನಿಲ್ಲ ಅಣ್ಣಾ, ನಾನೂ ಇದೇ ಹುಚ್ಚಿಗೆ ಬಿದ್ದು ಒಂದು ಮಾಡಿದ್ದೇನೆ. ಅರ್ಧ ಕೆಲಸ ಕೆಡಿಸಿ ಕಲಿತದ್ದು, ಅದಕ್ಕೇ ಉದ್ದ ಬರೀತೀನಿ.

4 ಎಂಎಂ ಸಾಕು. 8×4 ಅಡಿಯ ಒಂದು ಶೀಟು 7-8 ಕಿಲೋ ಬರುತ್ತೆ. ಅದೇ 6 ಎಂಎಂ ಅಂದರೆ 11-12 ಕಿಲೋ. ಮೂರು ಶೀಟು ಬೇಕು ಅಂತ ಲೆಕ್ಕ ಹಾಕಿ, ಆಮೇಲೆ ಅದನ್ನು ಹೊತ್ತು ನೀರಿನವರೆಗೆ ನಡೆಯೋದು ನೀವೇ ಅನ್ನೋದನ್ನೂ ಲೆಕ್ಕ ಹಾಕಿ. ಒಳಗೆ ಹೊರಗೆ ತೆಳು ಫೈಬರ್‌ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ಕುಡಿಸಿದರೆ 4 ಎಂಎಂ ಚೆನ್ನಾಗಿ ಗಟ್ಟಿಯಾಗುತ್ತೆ.

ಆದರೆ ಪ್ಲೈ ಮೇಲಿನ ಮುದ್ರೆ ನಂಬಬೇಡಿ. ದೋಣಿಗೆ ಬಳಸೋ ಮರೀನ್ ಪ್ಲೈಗೆ ಐಎಸ್ 710 ಅಂತ ಸರ್ಕಾರಿ ಗುಣಮಟ್ಟದ ನಂಬರ್ ಇರುತ್ತೆ, ಅದು 72 ತಾಸು ನೀರಲ್ಲಿ ಕುದಿಸಿದರೂ ಪದರ ಬಿಡಬಾರದು. ನಾನು ಮುದ್ರೆ ನೋಡಿ ದುಡ್ಡು ಕೊಟ್ಟು ತಂದೆ. ಬದಿಯ ಹಲಗೆ ಕೊಯ್ದು, ತೂತು ಹೊಡೆದು, ಅರ್ಧ ಹೊಲಿದೂ ಆಗಿತ್ತು. ಒಂದು ಮಳೆ ಬಿತ್ತು ನೋಡಿ, ಅಂಚು ಹಪ್ಪಳದ ಹಾಗೆ ಎದ್ದು ಬಂತು. ಅಂಗಡಿಯವರು ನಮ್ಮದಲ್ಲ ಅಂದರು. ಈಗ ಯಾವ ಪ್ಲೈ ತಂದರೂ ಮೊದಲು ಅಂಗೈಯಗಲ ತುಂಡು ಕೊಯ್ದು ಒಲೆ ಮೇಲೆ ಕುದಿಸ್ತೀನಿ. ಮೂರು ದಿನ ಯಾರು ಗ್ಯಾಸ್ ಸುಡ್ತಾರೆ, ಏಳೆಂಟು ತಾಸಿಗೇ ಕಳ್ಳ ಮಾಲು ಗೊತ್ತಾಗಿಬಿಡುತ್ತೆ.

ಬಿಸಿಲಿನ ಮಾತು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತೆ. ನಾನು ಮೇ ತಿಂಗಳ ಮಧ್ಯಾಹ್ನ ಒಂದು ಮಗ್ ತುಂಬ ಕಲಸಿ ಫೋನ್ ಬಂತು ಅಂತ ಆಚೆ ಹೋದೆ. ಬರೋದರೊಳಗೆ ಮಗ್ ಕರಗಿ ಹೊಗೆ ಏಳ್ತಿತ್ತು. ಸ್ವಲ್ಪ ಸ್ವಲ್ಪ ಕಲಸಿ, ಕಲಸಿದ ತಕ್ಷಣ ಅಗಲ ತಟ್ಟೆಗೆ ಸುರಿಯಿರಿ. ಇನ್ನೊಂದು, ಬೆಳಗ್ಗೆ ತಂಪು ಇದೆ ಅಂತ ಆಗ ಬಳಿಯಬೇಡಿ. ಬಿಸಿಲು ಏರಿದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತೆ, ಹಸಿ ಎಪಾಕ್ಸಿ ತುಂಬ ಗುಳ್ಳೆ. ಸಂಜೆ ಬಿಸಿಲು ಇಳಿಯುವಾಗ ಬಳಿದರೆ ಮರ ತಣ್ಣಗಾಗ್ತಾ ಅದನ್ನು ಒಳಗೆ ಎಳೆದುಕೊಳ್ಳುತ್ತೆ. ಅಕ್ಟೋಬರ್‌ವರೆಗೆ ಕಾದರೆ ಇನ್ನೂ ಒಳ್ಳೇದು.

8 ಅಡಿ ಹಲಗೆಯನ್ನು 14 ಅಡಿ ಮಾಡೋಕೆ ತುದಿಗಳನ್ನು ಇಳಿಜಾರಾಗಿ ರಂದಾ ಹೊಡೆದು ಒಂದರ ಮೇಲೊಂದು ಅಂಟಿಸಬೇಕು. ದಪ್ಪದ ಎಂಟರಷ್ಟು ಇಳಿಜಾರು, ಅಂದರೆ 4 ಎಂಎಂಗೆ 32 ಎಂಎಂ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಭಾರ ಇಡಿ. ಹೊರಗಿನವರು ಇದಕ್ಕೆ ಡಜನ್‌ಗಟ್ಟಲೆ ಕ್ಲಾಂಪ್ ಕೊಳ್ತಾರೆ, ನಮಗೆ ಶಹಾಬಾದ್ ಕಲ್ಲು ಇದೆಯಲ್ಲ! ಸಮತಟ್ಟಾದ ಎರಡು ಫರ್ಸಿ ಇಟ್ಟರೆ ಮುಗೀತು.

ಹಳೇ_ರಂದಾ (ಶಹಾಬಾದ್):
ನಮ್ಮ ಕಲ್ಲಿನ ಹೆಸರು ತೆಗೆದದ್ದಕ್ಕೆ ಖುಷಿ ಆಯ್ತು. ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವನು ಹೇಳ್ತೀನಿ ಕೇಳು ತಮ್ಮಾ. ಫೈಬರ್ ಬಾಗಿಲಿನ ರೆಸಿನ್ ಬೇಡ. ಅದು ಪಾಲಿಯೆಸ್ಟರ್, ಮರಕ್ಕೆ ಸರಿಯಾಗಿ ಹಿಡಿಯಲ್ಲ, ನಾಲ್ಕು ದಿನ ಚೆಂದ ಕಂಡು ಆಮೇಲೆ ಸಿಪ್ಪೆ ಬಿಟ್ಟ ಹಾಗೆ ಬಿಡುತ್ತೆ. ಅದರಲ್ಲಿ ಗಟ್ಟಿ ಮಾಡುವ ಔಷಧ ಒಂದೆರಡು ಹನಿ ಹೆಚ್ಚು ಕಡಿಮೆ ಆದರೂ ನಡೆಯುತ್ತೆ. ಆ ರೂಢಿಯಲ್ಲಿ ಎಪಾಕ್ಸಿಗೂ ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕೋರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಜನ್ಮದಲ್ಲಿ ಗಟ್ಟಿಯಾಗಲ್ಲ. ಡಬ್ಬಿ ಮೇಲೆ ಬರೆದಷ್ಟೇ, ಅದೂ ತೂಕ ಮಾಡಿ. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತೆ, ಅದಕ್ಕೆ ಮೇಲೆ ಪೇಂಟ್ ಬೇಕೇ ಬೇಕು. ಬಿಳಿ ಹೊಡಿ, ಬಿಸಿ ಕಡಿಮೆ. ತಂತಿ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಕೇಳು, 18 ಗೇಜ್.

ಎಲ್ಲಕ್ಕಿಂತ ಮೊದಲು ಮೆಟ್ಟಿಲಿನ ತಿರುವು ಅಳತೆ ಮಾಡು. ಮಾಳಿಗೆ ಮೇಲೆ ಮಂಚ ಮಾಡಿ ಇಳಿಸೋಕಾಗದೆ ಮತ್ತೆ ಕಾಲು ಕೊಯ್ದವರು ನನ್ನ ಗಿರಾಕಿಗಳೇ ಇದ್ದಾರೆ.

ಭೀಮೆ_ಅಂಬಿಗ (ಯಾದಗಿರಿ):
ಎಲ್ಲರೂ ಪ್ಲೈ ಪ್ಲೈ ಅಂತೀರಲ್ಲ, ಕಯಾಕ್ ಮೊದಲು ಪ್ಲೈಯದ್ದಾಗಿತ್ತಾ? ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಸಮುದ್ರದಲ್ಲಿ ತೇಲಿ ಬಂದ ಕಟ್ಟಿಗೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡ್ತಿದ್ದರು. ನಮ್ಮ ಹರಗೋಲೂ ಅದೇ ಲೆಕ್ಕ ಅಲ್ವಾ, ಬಿದಿರಿನ ಹೆಣಿಗೆಗೆ ಮೊದಲು ಚರ್ಮ ಇತ್ತು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬಿದಿರಿನ ಚೌಕಟ್ಟಿಗೆ ದಪ್ಪ ಕ್ಯಾನ್ವಾಸ್ ಬಿಗಿದು ಪೇಂಟ್ ಹೊಡೆದರೆ ಕಡಿಮೆ ಖರ್ಚು, ಹಗುರ.

ಕಯಾಕ್ ಹರಗೋಲಿನ ಹಾಗೆ ಸುತ್ತೋದಿಲ್ಲ, ನೆಟ್ಟಗೆ ಓಡುತ್ತೆ, ಸರಿ. ಆದರೆ ಹರಗೋಲು ಸುಲಭಕ್ಕೆ ಮಗುಚಲ್ಲ, ಇದು ಮಗುಚುತ್ತೆ. ಮುಂದೆ ಹಿಂದೆ ಎರಡು ಕಡೆ ಗಾಳಿಯ ಗೂಡು ಮುಚ್ಚಿಡಿ, ನೀರು ತುಂಬಿದರೂ ಮುಳುಗಬಾರದು. ಗೂಡಿನ ಅಡ್ಡಹಲಗೆಗೆ ಸೂಜಿಯಷ್ಟು ತೂತು ಬಿಡಿ, ಇಲ್ಲಾಂದ್ರೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿರಿಯುತ್ತೆ.

ಎಲ್ಲಿ ಬಿಡೋದು ಆಮೇಲೆ ಅಂದಿರಿ, ಅದನ್ನೇ ಮೊದಲು ಯೋಚಿಸಿ. ಭೀಮೆ ಬೇಸಿಗೆಯಲ್ಲಿ ಮರಳು, ಮಡುವು. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಡ್ಯಾಂನಿಂದ ನೀರು ಬಿಟ್ಟರೆ ಇಲ್ಲಿ ಮೋಡವೇ ಇಲ್ಲದಿದ್ದರೂ ಹೊಳೆ ಏರುತ್ತೆ. 2020ರ ಅಕ್ಟೋಬರ್ ಮಹಾಪೂರ ಮರೆತಿಲ್ಲ ನಾವು. ಬ್ಯಾರೇಜಿನ ಗೇಟಿನ ಮೇಲೂ ಕೆಳಗೂ ಹೋಗಲೇಬೇಡಿ. ಕೃಷ್ಣೆಯಲ್ಲಿ ಮೊಸಳೆ ಇವೆ, ಇದು ತಮಾಷೆ ಅಲ್ಲ. ಡ್ಯಾಂ ನೀರಿಗೆ ಇಳಿಯೋ ಮುಂಚೆ ನೀರಾವರಿಯವರನ್ನು ಕೇಳಿ, ಲೈಫ್ ಜಾಕೆಟ್ ಹಾಕಿ, ಮೀನುಗಾರರನ್ನು ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ. ಬಲೆ ಎಲ್ಲಿ ಹಾಕಿದ್ದಾರೆ ಅಂತ ಅವರಿಗೆ ಮಾತ್ರ ಗೊತ್ತು.

ಕಾರಂಜಾ_ದಂಡೆ (ಭಾಲ್ಕಿ):
ಕ್ಯಾನ್ವಾಸ್ ಮಾತು ಒಪ್ಪಿದೆ, ಆದರೆ ನಮ್ಮ ಕಡೆ ದಂಡೆಯಲ್ಲಿ ಬರೀ ಕಲ್ಲು, ಜಾಲಿ ಮುಳ್ಳು. ಒಂದು ಗೀರು ಸಾಕು. ನಾನಾದರೆ ಪ್ಲೈಯೇ.

ಮಾಳಿಗೆ_ಬಡಗಿ (ಕಲಬುರಗಿ):
ಎಲ್ಲರಿಗೂ ಶರಣು. ಕಾಕಾ, ಮೆಟ್ಟಿಲು ಅಳತೆ ಮಾಡಿದೆ. 14 ಅಡಿ ತಿರುಗೋದೇ ಇಲ್ಲ! ಮುಂದಿನ ಗೋಡೆ ಮೇಲಿಂದ ಹಗ್ಗ ಕಟ್ಟಿ ಇಳಿಸಬೇಕು, ಎದುರುಮನೆಯವರು ಆಗಲೇ ಯಾವತ್ತು ಅಂತ ಕೇಳ್ತಿದ್ದಾರೆ. ಅಂಟಿನ ಕೆಲಸ ಅಕ್ಟೋಬರ್‌ಗೆ, ಅಷ್ಟರಲ್ಲಿ ಅಳತೆ, ಕೊಯ್ಯೋದು, ಹೊಲಿಯೋದು. ನೀರಿಗೆ ಬಿಡೋದಾದರೆ ಮೊದಲು ಭಾಲ್ಕಿ ಅಣ್ಣಾರ ಜೊತೆ ಅವರ ಕಡೆಯ ಕಾರಂಜಾ ಡ್ಯಾಂ ನೀರಲ್ಲೇ, ಅವರು ಒಪ್ಪಿದರೆ. ಪ್ಲೈ ತುಂಡು ಬೆಳಗ್ಗೆಯಿಂದ ಕುದೀತಾ ಇದೆ. ಬೇಳೆ ಪಾತ್ರೆಯಲ್ಲಿ ಇಟ್ಟಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ. ಆರು ತಾಸಾಯ್ತು, ಇನ್ನೂ ಪದರ ಬಿಟ್ಟಿಲ್ಲ.