ಬಿಲ್ಲಿಂಗ್ ಪರದೆಯ ಸದ್ದು: ತಪ್ಪಾದದ್ದು ಕಿವಿಗೆ ಗೊತ್ತಾಗುತ್ತಿಲ್ಲ

ಪ್ರಶ್ನೆ:
ಬ್ರೌಸರ್‌ನಲ್ಲಿ ಓಡುವ ಅಂಗಡಿ ಬಿಲ್ಲಿಂಗ್. ಸಾಮಾನು ಬಿಲ್ಲಿಗೆ ಸೇರಿದರೆ 1000 ಹರ್ಟ್ಸ್ ಸದ್ದು, ಬಾರ್‌ಕೋಡ್ ಪಟ್ಟಿಯಲ್ಲಿ ಇಲ್ಲದಿದ್ದರೆ 200 ಹರ್ಟ್ಸ್. ಎರಡೂ ಸೈನ್ ಅಲೆ (ಒಂದೇ ಕಂಪನಾಂಕದ ಶುದ್ಧ ಸ್ವರ), 300 ಮಿಲಿಸೆಕೆಂಡ್. ತಪ್ಪಿನ ಸದ್ದು ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ಪ್ರತಿ ಸದ್ದಿನ ಕೊನೆಗೆ ‘ಟಕ್’ ಅನ್ನುತ್ತದೆ. ಪುಟ ತೆರೆದ ಮೇಲೆ ಮೊದಲ ಸದ್ದು ಎಷ್ಟೋ ಸಲ ನಾಪತ್ತೆ.

ಉತ್ತರ 1:
200 ಹರ್ಟ್ಸ್ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ಬಹಳ ಕ್ಷೀಣವಾಗಿ ಬರುತ್ತದೆ. ಸೈನ್ ಅಲೆಗೆ, ಮೂಲ ಸ್ವರದ ಗುಣಕಗಳಾದ ಮೇಲಿನ ಹಾರ್ಮೋನಿಕ್‌ಗಳೂ ಇಲ್ಲ, ಹಾಗಾಗಿ ಕಿವಿಗೆ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ. ಹಾರ್ಮೋನಿಕ್ ಇರುವ ತ್ರಿಕೋನ ಅಲೆ ಬಳಸಿ, 600ರಿಂದ 2000 ಹರ್ಟ್ಸ್ ಒಳಗೆ ಇರಿ. ಸ್ಥಾಯಿಯೊಂದನ್ನೇ (ಸ್ವರದ ಎತ್ತರ) ನಂಬಬೇಡಿ: ಹೋಲಿಸಲು ಪಕ್ಕದಲ್ಲಿ ಇನ್ನೊಂದು ಸ್ವರ ಇಲ್ಲದಿದ್ದರೆ ಇದು ಮೇಲಿನದೋ ಕೆಳಗಿನದೋ ಹೇಳುವುದು ಹೆಚ್ಚಿನವರಿಗೆ ಕಷ್ಟ. ಲಯ ಬದಲಿಸಿ. ತಪ್ಪಿಗೆ 880, ಆಮೇಲೆ 622 ಹರ್ಟ್ಸ್. ತಲಾ 90 ಮಿಲಿಸೆಕೆಂಡ್, ನಡುವೆ 60 ಬಿಡುವು. ಎರಡು ಪೆಟ್ಟು ಬಿದ್ದರೆ ತಪ್ಪು ಅಂತ ಒಂದೇ ದಿನದಲ್ಲಿ ರೂಢಿಯಾಗುತ್ತದೆ.

ಉತ್ತರ 2:
‘ಟಕ್’ ಬರುವುದು ಅಲೆಯನ್ನು ನಡುವೆಯೇ ಕತ್ತರಿಸುವುದರಿಂದ. ಸ್ವರ ಹುಟ್ಟಿಸುವ ಆಸಿಲೇಟರನ್ನು ನೇರ ನಿಲ್ಲಿಸಬೇಡಿ. ಸದ್ದಿನ ಮಟ್ಟ ಏರಿಳಿಸುವ ಗೇನ್ ನೋಡ್ ಹಾಕಿ 5 ಮಿಲಿಸೆಕೆಂಡಿನಲ್ಲಿ ಏರಿಸಿ, 30ರಲ್ಲಿ ಇಳಿಸಿ, ಆಮೇಲೆ ಸ್ಟಾಪ್. ಎಕ್ಸ್‌ಪೊನೆನ್ಷಿಯಲ್ (ಒಂದೇ ಅನುಪಾತದಲ್ಲಿ ತಗ್ಗುತ್ತಾ ಹೋಗುವ) ಇಳಿಕೆಯ ಗುರಿ ಸೊನ್ನೆ ಆಗುವಂತಿಲ್ಲ, ಎರರ್ ಬರುತ್ತದೆ, 0.001 ಕೊಡಿ. ಇಳಿಕೆ ಶುರುವಾಗುವ ಕ್ಷಣದ ಮಟ್ಟವನ್ನು, ನಿಗದಿತ ಕ್ಷಣಕ್ಕೆ ಬೆಲೆ ಗೊತ್ತುಮಾಡುವ ಆಜ್ಞೆಯಾದ ಸೆಟ್‌ವ್ಯಾಲ್ಯೂಅಟ್‌ಟೈಮ್‌ನಿಂದ ಮೊದಲು ಕಟ್ಟಿಹಾಕಿ, ಇಲ್ಲದಿದ್ದರೆ ಅದು ಹಿಂದಿನ ಬಿಂದುವಿನಿಂದಲೇ ಇಳಿಯತೊಡಗುತ್ತದೆ.

ಮೊದಲ ಸದ್ದಿನ ವಿಷಯ: ಬಳಕೆದಾರ ಏನನ್ನಾದರೂ ಒತ್ತುವ ತನಕ ಬ್ರೌಸರ್ ತನ್ನ ಸದ್ದಿನ ಯಂತ್ರವಾದ ಆಡಿಯೋಕಾಂಟೆಕ್ಸ್ಟನ್ನು ‘ಸಸ್ಪೆಂಡೆಡ್’ (ತಡೆಹಿಡಿದದ್ದು) ಆಗಿ ಇಡುತ್ತದೆ. ಲಾಗಿನ್ ಬಟನ್ ಪುಟ ಬದಲಿಸದೆ ಅಲ್ಲೇ ಕೆಲಸ ಮಾಡುವಂತಿದ್ದರೆ, ಅದರ ಕ್ಲಿಕ್‌ನಲ್ಲೇ ಅದನ್ನು ಮತ್ತೆ ಚಾಲೂ ಮಾಡುವ ರೆಸ್ಯೂಮ್ ಕರೆಯಿರಿ. ಬ್ಲೂಟೂತ್ ಸ್ಪೀಕರ್ ಇದ್ದರೆ ಅದು ನಿದ್ದೆಯಿಂದ ಏಳುವಾಗ ಸದ್ದಿನ ತಲೆಯನ್ನೇ ನುಂಗುತ್ತದೆ. ಕೌಂಟರಿಗೆ ತಂತಿಯದೇ ಒಳ್ಳೆಯದು.

ಉತ್ತರ 3:
ಇಬ್ಬರೂ ಸ್ಕ್ಯಾನರನ್ನು ಮರೆತಿರಿ. ಅದರದೇ ‘ಬೀಪ್’ ಇದೆ, ಆದರೆ ಅದರ ಅರ್ಥ ಗೆರೆ ಓದಿದೆ ಎಂದಷ್ಟೇ. ಬಿಲ್ಲಿಗೆ ಸೇರಿತೋ ಇಲ್ಲವೋ ಸ್ಕ್ಯಾನರಿಗೆ ತಿಳಿಯದು. ಕೌಂಟರಿನವರು ಆ ಬೀಪ್ ಕೇಳಿ ಸಾಮಾನನ್ನು ಚೀಲಕ್ಕೆ ಹಾಕಿಬಿಡುತ್ತಾರೆ. ನಿಜವಾದ ನಷ್ಟ ಇಲ್ಲೇ. ಸ್ಕ್ಯಾನರಿನ ಕೈಪಿಡಿಯಲ್ಲಿ ಬೀಪ್ ನಿಲ್ಲಿಸುವ ಸೆಟ್ಟಿಂಗ್ ಕೋಡ್ ಸಾಮಾನ್ಯವಾಗಿ ಇರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಪಟ್ಟಿ ನೋಡಿ ಬಂದ ಮೇಲೆ ನಿಮ್ಮ ತಂತ್ರಾಂಶವೇ ಸದ್ದು ಮಾಡಲಿ. ಸರಿಯಾದದ್ದಕ್ಕೆ 50 ಮಿಲಿಸೆಕೆಂಡ್ ಸಾಕು, ಅದೂ ಮೆಲ್ಲಗೆ. ದಿನಕ್ಕೆ ಸಾವಿರ ಸಲ ಕೇಳುವವರ ಕಿವಿ ಅದು. ತಪ್ಪಾದಾಗ ಪರದೆಯ ಸಾಲೂ ಕೆಂಪಾಗಿ ಅಲ್ಲೇ ನಿಲ್ಲಲಿ, ಕಿವಿ ಮಂದವಿದ್ದವರೂ ಕೌಂಟರಿನಲ್ಲಿ ಕೂರುತ್ತಾರೆ.

ಪ್ರಶ್ನೆ ಕೇಳಿದವರು:
ಪಟ್ಟಿ ಹುಡುಕಲು ಸರ್ವರಿಗೆ 400 ಮಿಲಿಸೆಕೆಂಡ್ ಹಿಡಿಯುತ್ತಿದೆ. ಅಷ್ಟರಲ್ಲಿ ಮುಂದಿನ ಸಾಮಾನು ಬಂದಿರುತ್ತದಲ್ಲ?

ಉತ್ತರ 3:
ಹೌದು, ಆಗ ಸದ್ದು ಯಾವ ಸಾಮಾನಿನದು ಎಂಬುದೇ ತಪ್ಪಿಹೋಗುತ್ತದೆ. ಪಟ್ಟಿಯನ್ನು ಬೆಳಿಗ್ಗೆಯೇ ಬ್ರೌಸರಿನೊಳಗಿನ ದತ್ತಾಂಶ ಸಂಗ್ರಹವಾದ ಇಂಡೆಕ್ಸೆಡ್‌ಡಿಬಿಗೆ ಇಳಿಸಿಕೊಳ್ಳಿ. ಸ್ಕ್ಯಾನ್‌ನಿಂದ ಸದ್ದಿಗೆ 100 ಮಿಲಿಸೆಕೆಂಡ್ ದಾಟಬಾರದು.