ದಿನನಿತ್ಯದ ಕೆಲಸಕ್ಕೆ ಟಚ್‌ಸ್ಕ್ರೀನ್ ಒಂದೇ ಸಾಕೇ, ಕೀಲಿಮಣೆ ಮತ್ತು ಮೌಸ್ ಬೇಕೇ ಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಕಂಪ್ಯೂಟರ್ ಕೆಟ್ಟುಹೋದ ಮೇಲೆ ಹೊಸದನ್ನು ಕೊಳ್ಳದೆ, ಮನೆಯಲ್ಲಿದ್ದ ಟ್ಯಾಬ್ಲೆಟ್‌ನಲ್ಲೇ ಎಲ್ಲ ಕೆಲಸವನ್ನೂ ನಡೆಸೋಣವೆಂದು ನಿರ್ಧರಿಸಿ ಎರಡು ತಿಂಗಳಾಯಿತು. ಓದುವುದು, ವಿಡಿಯೊ ಕರೆ, ನಕ್ಷೆ ನೋಡುವುದು, ಫೋಟೊ ವಿಂಗಡಿಸುವುದು ಇವೆಲ್ಲ ಮೊದಲಿಗಿಂತ ಹಗುರವಾಗಿವೆ. ಆದರೆ ನಾನು ನೋಡಿಕೊಳ್ಳುವ ಸಣ್ಣ ಸಂಘವೊಂದರ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ಗೆ ಏರಿಸುವಾಗ ಮತ್ತು ಎರಡು ಮೂರು ಪುಟದ ವರದಿಯನ್ನು ತಿದ್ದುವಾಗ ಮಾತ್ರ ಸಾಕುಸಾಕಾಗುತ್ತದೆ. ನಿನ್ನೆ ‘ವಿದ್ಯಾರ್ಥಿ’ ಎಂದು ಬರೆಯಬೇಕಾದಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಅದನ್ನು ಸೇರಿಸಲೆಂದು ಬೆರಳಿಟ್ಟರೆ ಕರ್ಸರ್ ಒಮ್ಮೆ ಪದದ ಮೊದಲಿಗೆ, ಇನ್ನೊಮ್ಮೆ ಕೊನೆಗೆ ಹೋಗಿ ನಿಂತಿತೇ ಹೊರತು ಬೇಕಾದ ಅಕ್ಷರದ ಬಳಿಗೆ ಬರಲೇ ಇಲ್ಲ. ಕಡೆಗೆ ಇಡೀ ಪದವನ್ನು ಅಳಿಸಿ ಮತ್ತೆ ಬರೆದೆ. ಇದು ಅಭ್ಯಾಸದಿಂದ ಸರಿಹೋಗುವ ತೊಂದರೆಯೇ, ಅಥವಾ ಟಚ್‌ಸ್ಕ್ರೀನಿನ ಸ್ವಭಾವದಲ್ಲೇ ಇರುವ ಮಿತಿಯೇ?

ಮೊದಲ ಉತ್ತರ

ಅಭ್ಯಾಸವಾದಂತೆ ವೇಗ ಸ್ವಲ್ಪ ಹೆಚ್ಚೀತು, ಆದರೆ ನೀವು ಹೇಳಿದ ಎರಡೂ ಕೆಲಸಗಳಲ್ಲಿ ತೊಡಕಿರುವುದು ಬೆರಳಿನ ಅಳತೆಯಲ್ಲಿ. ಇಂಚಿಗೆ 96 ಪಿಕ್ಸೆಲ್ ಇರುವ ಮಾನಿಟರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.26 ಮಿಲಿಮೀಟರ್ ಆಗುತ್ತದೆ, ಮತ್ತು ಮೌಸ್‌ನ ಬಾಣದ ತುದಿ ಅಷ್ಟು ಸಣ್ಣ ಚುಕ್ಕೆಯನ್ನೂ ಗುರುತಿಸಬಲ್ಲದು. ಬೆರಳ ತುದಿಯಾದರೋ ಒಂದು ಸೆಂಟಿಮೀಟರಿಗಿಂತ ಅಗಲ. ಟಚ್‌ಸ್ಕ್ರೀನಿನ ಗುಂಡಿಗಳು 7ರಿಂದ 10 ಮಿಲಿಮೀಟರ್ ಇರಬೇಕೆಂದು ಆಂಡ್ರಾಯ್ಡ್‌ನ ವಿನ್ಯಾಸ ಸೂಚನೆಗಳು ಹೇಳುವುದು ಇದಕ್ಕಾಗಿಯೇ. ಸ್ಪ್ರೆಡ್‌ಶೀಟಿನ ಒಂದು ಸಾಲು ಅದೇ ಮಾನಿಟರಿನಲ್ಲಿ ಸಾಮಾನ್ಯವಾಗಿ 5 ಮಿಲಿಮೀಟರ್ ಎತ್ತರವಿರುತ್ತದೆ, ಅಕ್ಷರದ ನಡುವಿನ ಜಾಗವಂತೂ ಅದಕ್ಕಿಂತ ಎಷ್ಟೋ ಕಿರಿದು. ಸಾಲದ್ದಕ್ಕೆ, ಮುಟ್ಟುವ ಕ್ಷಣದಲ್ಲಿ ಬೆರಳೇ ಆ ಜಾಗವನ್ನು ಮರೆಮಾಡುವುದರಿಂದ ಗುರಿ ತಪ್ಪಿದ್ದು ಬೆರಳೆತ್ತಿದ ಮೇಲಷ್ಟೇ ತಿಳಿಯುತ್ತದೆ.

ಗುರಿ ದೂರವಾದಷ್ಟೂ ಕಿರಿದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕೆಂಬುದನ್ನು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಸೂತ್ರವಾಗಿ ಬರೆದರು. ಮೌಸ್‌ಗೆ ಇಲ್ಲೊಂದು ಅನುಕೂಲವಿದೆ: ಬಾಣ ಪರದೆಯ ಅಂಚಿಗೆ ಬಂದು ತಾನಾಗಿಯೇ ನಿಲ್ಲುತ್ತದೆ, ಆದ್ದರಿಂದ ಮೂಲೆಯಲ್ಲಿರುವ ಗುಂಡಿಯತ್ತ ಅದನ್ನು ಜೋರಾಗಿ ತಳ್ಳಿದರೂ ಗುರಿ ತಪ್ಪುವುದಿಲ್ಲ. ಒತ್ತದೆ ಸುಮ್ಮನೆ ಮೇಲೆ ಸುಳಿದಾಡಿ ‘ಇದೇನು’ ಎಂದು ವಿಚಾರಿಸುವ ಅವಕಾಶವೂ ಮೌಸ್‌ಗಿದೆ. ಬೆರಳು ಮುಟ್ಟಿತೆಂದರೆ ಮುಟ್ಟಿದಂತೆಯೇ. ಕೀಲಿಮಣೆಯ ವಿಷಯದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಎಫ್ ಮತ್ತು ಜೆ ಕೀಲಿಗಳ ಮೇಲಿರುವ ಆ ಪುಟ್ಟ ಉಬ್ಬುಗೆರೆಗೆ. ತೋರುಬೆರಳಿಗೆ ಅದು ಸಿಕ್ಕಿತೆಂದರೆ ಉಳಿದ ಬೆರಳುಗಳು ನೋಡದೆಯೇ ತಮ್ಮ ಜಾಗ ಹಿಡಿಯುತ್ತವೆ, ಗಾಜಿನ ಮೇಲೆ ಅಂಥ ಗುರುತು ಯಾವುದೂ ಕೈಗೆ ಸಿಗುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮೌಸ್ ಎಲ್ಲರಿಗೂ ಸಲೀಸೆಂಬ ಭಾವನೆ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತಾಯಿಯವರಿಗೆ ಅರವತ್ತು ದಾಟಿದ ಮೇಲೆ ಮೌಸ್ ಹಿಡಿಯಲು ಕಲಿಸಿದೆ. ಕೈ ಮೇಜಿನ ಮೇಲೆ ಚಲಿಸಬೇಕು, ಕಣ್ಣು ಪರದೆಯ ಮೇಲಿರಬೇಕು, ಎರಡು ಸಲ ಬೇಗಬೇಗನೆ ಒತ್ತುವಾಗ ಮೌಸ್ ಒಂದಿಷ್ಟೂ ಅಲುಗಬಾರದು. ಈ ಮೂರನ್ನೂ ಒಟ್ಟಿಗೆ ಸಂಭಾಳಿಸುವುದು ಅವರಿಗೆ ತಿಂಗಳುಗಟ್ಟಲೆ ಒಗ್ಗಲಿಲ್ಲ. ಟ್ಯಾಬ್ಲೆಟ್ ಕೊಟ್ಟ ಮೊದಲ ದಿನವೇ ಎರಡು ಬೆರಳುಗಳನ್ನು ಅಗಲಿಸಿ ಮೊಮ್ಮಗಳ ಫೋಟೊವನ್ನು ದೊಡ್ಡದು ಮಾಡಿ ನೋಡಿದರು, ಮತ್ತು ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಕಂಡದ್ದನ್ನೇ ಮುಟ್ಟುವುದರಲ್ಲಿ ಇರುವ ಈ ನೇರ ಸಂಬಂಧವನ್ನು ಮೌಸ್ ಕೊಡಲಾರದು. ದಿನವಿಡೀ ಮೌಸ್ ಹಿಡಿದು ಮಣಿಕಟ್ಟಿನ ನೋವಿಗೆ ಗುರಿಯಾದವರನ್ನೂ ಬಲ್ಲೆ.

ಮೂರನೆಯ ಉತ್ತರ

ಪ್ರಶ್ನೆ ಕೇಳಿದವರ ಕೆಲಸ ಎರಡು ಬಗೆಯದಾಗಿದೆ, ಉಪಕರಣವೂ ಎರಡು ಬಗೆಯದಾಗಿರಲಿ ಎಂಬುದು ನನ್ನ ಸಲಹೆ. ನೆಟ್ಟಗೆ ನಿಂತ ಪರದೆಯನ್ನು ಬೆರಳಿನಿಂದಲೇ ನಡೆಸುವ ಪ್ರಯತ್ನ ಹೊಸದೇನಲ್ಲ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಎಚ್‌ಪಿ-150 ಎಂಬ ಕಂಪ್ಯೂಟರಿನಲ್ಲಿ 1983ರಷ್ಟು ಹಿಂದೆಯೇ ಪರದೆಯ ಸುತ್ತ ಅವರೋಹಿತ (ಇನ್‌ಫ್ರಾರೆಡ್) ಕಿರಣಗಳನ್ನು ಹಾಯಿಸಿ ಬೆರಳಿನ ಸ್ಥಾನವನ್ನು ಗುರುತಿಸಲಾಗುತ್ತಿತ್ತು. ಆದರೆ ಆಸರೆಯಿಲ್ಲದೆ ತೋಳನ್ನು ಮುಂದೆ ಚಾಚಿಕೊಂಡು ಎಷ್ಟು ಹೊತ್ತು ಕೆಲಸ ಮಾಡಲು ಸಾಧ್ಯ? ನಿಮ್ಮ ಟ್ಯಾಬ್ಲೆಟ್‌ಗೆ ಆಸರೆ ಕೊಟ್ಟು ನಿಲ್ಲಿಸಿ ಲೆಕ್ಕ ಬರೆದರೆ ಆ ದಣಿವು ನಿಮ್ಮ ಭುಜಕ್ಕೂ ತಪ್ಪದು. 2012ರಲ್ಲಿ ಬಂದ ವಿಂಡೋಸ್ 8 ಟಚ್‌ಸ್ಕ್ರೀನಿಗೆ ಒತ್ತು ಕೊಟ್ಟು ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿ, ಮರುವರ್ಷ 8.1ರಲ್ಲಿ ಅದನ್ನು ಮತ್ತೆ ತಂದಿತು. ಇತ್ತ ಐಪ್ಯಾಡ್‌ಗೆ 2020ರಲ್ಲಿ ಮೌಸ್‌ನ ಪೂರ್ಣ ಸೌಲಭ್ಯ ಬಂತು. ಆಂಡ್ರಾಯ್ಡ್‌ನಲ್ಲಿ ಅದು ಅದಕ್ಕೂ ಬಹಳ ಮೊದಲೇ ಇತ್ತು.

ಆದ್ದರಿಂದ ಹೊಸ ಕಂಪ್ಯೂಟರಿನ ಅಗತ್ಯ ನಿಮಗಿಲ್ಲ, ಬ್ಲೂಟೂತ್ ಕೀಲಿಮಣೆಯೊಂದನ್ನು ಜೋಡಿಸಿ ನೋಡಿ. ಸ್ಪ್ರೆಡ್‌ಶೀಟ್‌ನಲ್ಲಿ ದಿನಾಂಕ ಬರೆದು ಟ್ಯಾಬ್, ವಿವರ ಬರೆದು ಟ್ಯಾಬ್, ಮೊತ್ತ ಬರೆದು ಎಂಟರ್ ಒತ್ತಿದರೆ ಎಕ್ಸೆಲ್‌ನಂಥ ತಂತ್ರಾಂಶದಲ್ಲಿ ಕರ್ಸರ್ ಮುಂದಿನ ಸಾಲಿನ ದಿನಾಂಕದ ಕೋಶಕ್ಕೇ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಪರದೆಯ ಕೀಲಿಮಣೆಯಲ್ಲೇ ಬರೆಯಬೇಕಾದರೆ, ಸ್ಪೇಸ್ ಪಟ್ಟಿಯ ಮೇಲೆ ಬೆರಳನ್ನು ಅತ್ತಿತ್ತ ಜಾರಿಸಿ. ಗೂಗಲ್‌ನ ಪರದೆ-ಕೀಲಿಮಣೆಯಾದ ಜಿಬೋರ್ಡ್‌ನಲ್ಲಿ ಹಾಗೆ ಮಾಡಿದರೆ ಕರ್ಸರ್ ಬೆರಳಿನೊಂದಿಗೆ ಸರಿಯುತ್ತದೆ, ಐಪ್ಯಾಡ್‌ನಲ್ಲಾದರೆ ಮೊದಲು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಒತ್ತಕ್ಷರ ತಿದ್ದಲು ನಾನು ಬಳಸುವುದು ಇದನ್ನೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೆಳೆಯರೊಬ್ಬರಿಂದ ಕೀಲಿಮಣೆ ಕೇಳಿ ತಂದು, ನಿನ್ನೆ ರಾತ್ರಿ ನಲವತ್ತು ರಸೀದಿಗಳನ್ನು ಒಂದೇ ಕೂರಿಕೆಯಲ್ಲಿ ಏರಿಸಿದೆ. ನನ್ನ ಕಣ್ಣು ಹೆಚ್ಚು ಹೊತ್ತು ರಸೀದಿಯ ಮೇಲೇ ಇತ್ತು, ಸಾಲಿನ ಕೊನೆಯಲ್ಲಿ ಮಾತ್ರ ಪರದೆಯತ್ತ ನೋಡಿದೆ. ಸ್ಪೇಸ್ ಪಟ್ಟಿಯ ಉಪಾಯವೂ ಫಲಿಸಿತು. ಮೌಸ್ ಇನ್ನೂ ತಂದಿಲ್ಲ; ವರದಿಯ ಪ್ಯಾರಾಗಳನ್ನು ಹಿಂದುಮುಂದು ಮಾಡುವ ಕೆಲಸ ಈ ವಾರ ಬರಲಿದೆ, ಅದನ್ನು ಬೆರಳಿನಿಂದಲೇ ಮಾಡಿ ನೋಡಿ ಅದರ ಅಗತ್ಯವಿದೆಯೇ ಎಂದು ತೀರ್ಮಾನಿಸುತ್ತೇನೆ.